ಸ್ಟೀರಿಯೋ ಮೇಷ್ಟ್ರ ಎಡಗಿವಿ

ಮೊದಲ ಬಸ್ಸು ಬೀದಿಗೆ ಬರುವ ಮುಂಚೆ ಅವರ ಕೆಲಸ ಮುಗಿಯಬೇಕು. ಬಸ್ಸು ಬಂತೆಂದರೆ ಕಿಟಕಿಯ ಗಾಜು ನಡುಗುತ್ತದೆ, ಮೇಲಿನ ಮನೆಯವರು ನಲ್ಲಿ ತಿರುಗಿಸುತ್ತಾರೆ, ಎದುರು ಮನೆಯ ನಾಯಿಗೆ ತನ್ನ ಕರ್ತವ್ಯ ನೆನಪಾಗುತ್ತದೆ. ಆಮೇಲೆ ಸಣ್ಣ ಸದ್ದನ್ನು ಕೇಳಿಸಿಕೊಳ್ಳುವ ಮಾತು ದೂರ ಉಳಿಯಿತು. ಹಾಗಾಗಿ ಬೆಳಕು ಹರಿಯುವ ಹೊತ್ತಿಗೇ ಸ್ಟೀರಿಯೋ ಮೇಷ್ಟ್ರು ಮನೆಯ ಮುಂದಿನ ಕೋಣೆಯಲ್ಲಿ ಮೇಜಿನ ದೀಪ ಹಚ್ಚಿಕೊಂಡು ಹಳೆಯದೊಂದು ಆಂಪ್ಲಿಫೈಯರಿನ ಮೇಲೆ ಬಗ್ಗಿದ್ದಾರೆ. ಅದರ ಮುಚ್ಚಳ ಪಕ್ಕಕ್ಕಿದೆ. ಒಳಗೆ ಬೆಂಕಿಪೊಟ್ಟಣದ ಗಾತ್ರದ ರಿಲೇ. ಸ್ಪೀಕರಿಗೆ ಹಾಡು ದಾಟಿ ಹೋಗುವ ಬಾಗಿಲು ಅದೇ. ಸ್ಪಿರಿಟ್ಟಿನಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಅದರ ತುಟಿಗಳ ನಡುವೆ ತೂರಿಸಿ ಮೆಲ್ಲಗೆ ಎಳೆಯುತ್ತಾರೆ. ಕಾಗದ ಕಪ್ಪಾಗಿ ಹೊರಗೆ ಬರುತ್ತದೆ.

"ನೋಡು, ಇಷ್ಟೇ ಕೊಳೆ. ಅರ್ಧ ಹಾಡು ನುಂಗಿ ನೀರು ಕುಡಿದಿದೆ" ಎನ್ನುತ್ತಾರೆ.

ಸ್ವಿಚ್ಚು ಒತ್ತಿ, ತಗ್ಗಿದ ದನಿಯಲ್ಲಿ ಒಂದು ಹಾಡು ಹಾಕುತ್ತಾರೆ. ಆದರೆ ಅವರು ನೋಡುವುದು ಸ್ಪೀಕರುಗಳನ್ನಲ್ಲ. ಎರಡು ಸ್ಪೀಕರಿಗೂ ಸಮದೂರದಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿರುವ ಹೆಂಡತಿಯ ಬೆರಳನ್ನು.

"ಹಾಡೋನು ಎಲ್ಲಿದ್ದಾನೆ?"

ಹೆಂಡತಿ ತಲೆ ಎತ್ತದೆ ಬಲಕ್ಕೆ ಬೆರಳು ತೋರಿಸುತ್ತಾರೆ. "ಕಿಟಕಿ ಹತ್ರ."

ಮೇಷ್ಟ್ರು ಮತ್ತೆ ಕಾಗದ ತೂರಿಸಿ ಎಳೆಯುತ್ತಾರೆ. ಬೆರಳು ಸ್ವಲ್ಪ ಎಡಕ್ಕೆ ಸರಿಯುತ್ತದೆ. ಇನ್ನೊಂದು ಸಲ. ಈಗ ಬೆರಳು ನೇರವಾಗಿ ಗೋಡೆಯ ನಡುವಿನ ಗಡಿಯಾರಕ್ಕೆ ಬಂದು ನಿಲ್ಲುತ್ತದೆ.

"ಬಂದ ರೀ. ಗಡಿಯಾರದ ಕೆಳಗೇ ನಿಂತು ಹಾಡ್ತಿದ್ದಾನೆ. ಬಿಡಿ ಇನ್ನ, ನನಗೆ ಒಲೆ ಮೇಲೆ ಕೆಲಸ ಇದೆ."

ಸ್ಟೀರಿಯೋ ರಿಪೇರಿ ಮಾಡುವ ಈ ಮನುಷ್ಯನಿಗೆ ಎಡಗಿವಿ ಕೇಳಿಸುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಅವರೇ ನಗುತ್ತಾರೆ, ಬೇರೆಯವರು ಹೇಳುವ ಮುಂಚೆ.

'ಮೇಷ್ಟ್ರು' ಎಂಬುದು ಬೀದಿಯವರು ಇಟ್ಟ ಹೆಸರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಆದರೆ ರಿಪೇರಿಗೆ ಬಂದವರನ್ನು ಪಾಠ ಮಾಡದೆ ಕಳಿಸಿದ ದಾಖಲೆಯಿಲ್ಲ. ಪಾಠ ಸುಲಭದ್ದು. ಒಂದು ಕಡೆ ಸದ್ದು ಕಡಿಮೆಯೇ? ಮೊದಲು ಸ್ಪೀಕರಿನ ತಂತಿಗಳನ್ನು ಅದಲುಬದಲು ಮಾಡಿ. ಕಾಯಿಲೆ ಆ ಕಡೆಗೆ ಜಿಗಿದರೆ ಸ್ಪೀಕರು ನಿರಪರಾಧಿ. ಆಮೇಲೆ ಹಾಡು ಒಳಗೆ ಬರುವ ತಂತಿಗಳನ್ನು ಅದಲುಬದಲು ಮಾಡಿ. ಈಗ ಕಾಯಿಲೆ ಕದಲದೆ ಕೂತರೆ ಕಳ್ಳ ಆಂಪ್ಲಿಫೈಯರಿನ ಒಳಗೇ ಇದ್ದಾನೆ.

"ಒಳಗೆ ಎರಡು ಕಡೆಯೂ ಅವಳಿ ಮಕ್ಕಳು. ಇವನಿಗೆ ಇದ್ದದ್ದೆಲ್ಲ ಅವನಿಗೂ ಇರುತ್ತೆ. ಹುಷಾರಾಗಿರೋನ ಮೈ ಮುಟ್ಟಿ ನೋಡ್ಬೇಕು, ಆಮೇಲೆ ಕಾಯಿಲೆಯವನದು. ಎಲ್ಲಿ ವ್ಯತ್ಯಾಸ ಶುರುವಾಗುತ್ತೋ ಅಲ್ಲೇ ರೋಗ. ಬೇರೆ ಪುಸ್ತಕ ಯಾಕೆ ಬೇಕು?"

ಈ ವಿದ್ಯೆ ಕಲಿತದ್ದು ರೇಡಿಯೋ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ. ಆಗಿನ್ನೂ ಮೀಸೆ ಮೂಡಿರಲಿಲ್ಲ. ಜನ ಹಾಡನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ಕಾಲ ಬಂದಾಗ ಅಂಗಡಿ ಮುಚ್ಚಿತು. ಮಾಲೀಕರು ಬೆಂಚು, ಬೆಸುಗೆ ಕಡ್ಡಿ, ಒಂದು ಮೀಟರು ಕೊಟ್ಟು ಬೆನ್ನು ತಟ್ಟಿದರು. ಬೆಂಚು ಬಾಗಿಲಲ್ಲಿ ಹಿಡಿಸದೆ ಕಾಲು ಕೊಯ್ದು ಒಳಗೆ ತರಬೇಕಾಯಿತು. ಈಗಲೂ ಅದು ಒಂದು ಕಡೆ ಕುಂಟುತ್ತದೆ. ತಿಂಗಳಿಗೆ ನಾಲ್ಕೈದು ಕೆಲಸ ಬಂದರೆ ಹೆಚ್ಚು. ಬಾಕಿ ದಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಕ್ಕದ ಮನೆಯವರ ಕರೆಗಂಟೆ.

ಕಿವಿ ಹೋದದ್ದು ಗೊತ್ತಾದ ಬಗೆ ಬೇರೆ ಯಾರಿಗೂ ಆಗುವಂಥದ್ದಲ್ಲ. ಒಂದು ಆಂಪ್ಲಿಫೈಯರಿನಲ್ಲಿ ಎಡಗಡೆ ಕಡಿಮೆ ಅನ್ನಿಸಿತು. ಆ ಕಡೆಯ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸಿದರು. ಊಟ ನಿದ್ದೆ ಬಿಟ್ಟು ಅದರ ಹೊಟ್ಟೆ ಬಗೆದರು. ಜಪ್ಪಯ್ಯ ಅಂದರೂ ಎಡಗಡೆ ಏಳಲಿಲ್ಲ. ಮೀಟರು ಮಾತ್ರ ಎರಡೂ ಸಮ ಎನ್ನುತ್ತಿತ್ತು. ಅವರು ಮೀಟರನ್ನೇ ಬೈದರು. ಕೊನೆಗೆ ಸಿಟ್ಟು ಬಂದು ಅದಕ್ಕೆ ಬೆನ್ನು ಹಾಕಿ ಕೂತರು. ಬೆನ್ನು ಹಾಕಿದ ಕೂಡಲೇ ಕಡಿಮೆಯಾಗಿದ್ದ ಕಡೆ ಜೋರಾಯಿತು, ಜೋರಿದ್ದದ್ದು ಕಡಿಮೆಯಾಯಿತು.

"ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದೆ" ಎನ್ನುವಾಗ ಅವರು ನಗಲು ನೋಡುತ್ತಾರೆ, ನಗು ಪೂರ್ತಿ ಬರುವುದಿಲ್ಲ. "ತಂತಿ ಅದಲುಬದಲು ಮಾಡಿ ಅಂತ ಊರಿಗೆಲ್ಲ ಹೇಳೋನು. ಕಿವಿ ಅದಲುಬದಲು ಮಾಡಿ ನೋಡೋದು ಹೊಳೀಲಿಲ್ಲ."

ನರದ ತೊಂದರೆ, ಮತ್ತೆ ಬರುವುದಿಲ್ಲ ಎಂದರು ವೈದ್ಯರು. ಕಿವಿಗೆ ಹಾಕುವ ಯಂತ್ರವನ್ನೂ ತಂದದ್ದಾಯಿತು. ಮಾತು ಕೇಳಿಸಿತು, ಹಾಡು ಮಾತ್ರ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದ ಹಾಗಿತ್ತು. ಈಗ ಅದು ಬೆಂಚಿನ ಡ್ರಾಯರಿನಲ್ಲಿದೆ. ರಿಪೇರಿಗೆ ಬಂದವರಿಗೆ ಅವರು ಮೊದಲೇ ವಿಷಯ ಹೇಳಿಬಿಡುತ್ತಾರೆ. ಕೆಲವರು ಪೆಟ್ಟಿಗೆ ಎತ್ತಿಕೊಂಡು ವಾಪಸು ಹೋದದ್ದುಂಟು. ಸಂಗೀತವೆಂದರೆ ಮೂಗು ಮುರಿಯುತ್ತಿದ್ದ ಹೆಂಡತಿ ಅಂದಿನಿಂದ ಆ ಕುರ್ಚಿಯಲ್ಲಿ ಕೂರತೊಡಗಿದರು.

ಮೇಷ್ಟ್ರ ಹಂಬಲ ಒಂದೇ. ಎರಡು ಕಡೆಯೂ ಸಮವಾಗಿದ್ದರೆ ಹಾಡುವವರು ಸ್ಪೀಕರಿನೊಳಗೆ ಇರುವುದಿಲ್ಲ, ನಡುವೆ ಬಂದು ನಿಲ್ಲುತ್ತಾರೆ. "ಅಲ್ಲಿ ಏನೂ ಇರಲ್ಲ, ಬರೀ ಗೋಡೆ. ಆದ್ರೂ ಅಲ್ಲಿಂದಲೇ ಹಾಡ್ತಾರೆ. ಎದ್ದು ಹೋಗಿ ಮುಟ್ಬೇಕು ಅನ್ಸುತ್ತೆ. ಈ ಕಿವಿ ಅದೊಂದನ್ನ ಕಿತ್ಕೊಂಡು ಹೋಯ್ತಲ್ಲ..." ಪ್ರತಿ ಕೆಲಸ ಮುಗಿದಾಗಲೂ ಅವರು ಹೆಂಡತಿಯ ಬೆರಳು ತೋರಿಸಿದ ಜಾಗವನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲುತ್ತಾರೆ.

ಬಿಸಿಲು ಬರುವ ಹೊತ್ತಿಗೆ ಆಂಪ್ಲಿಫೈಯರಿನ ಒಡತಿ ಬರುತ್ತಾರೆ. ನಿವೃತ್ತ ನರ್ಸು. ಕೈಚೀಲದಲ್ಲಿ ಒಂದು ಕ್ಯಾಸೆಟ್ಟು. ಹುಡುಗಿಯರಾಗಿದ್ದಾಗ ಅಕ್ಕ ತಂಗಿ ಮನೆಯಲ್ಲೇ ಹಾಡಿ, ಇಬ್ಬರಿಗೂ ಒಂದೊಂದು ಮೈಕು ಇಟ್ಟು ತುಂಬಿಸಿಕೊಂಡದ್ದು. ಎಡಗಡೆ ಅಕ್ಕ, ಬಲಗಡೆ ಇವರು. ಅಕ್ಕ ತೀರಿಕೊಂಡು ಬಹಳ ವರ್ಷವಾಯಿತು. ಈಚೆಗೆ ಈ ಹಾಡಿನ ಪೆಟ್ಟಿಗೆಯಲ್ಲೂ ಅಕ್ಕ ಮಂಕಾಗುತ್ತಾ ಬಂದಿದ್ದರು.

"ಜೋರಾಗಿ ಇಟ್ರೆ ಮಾತ್ರ ಬರ್ತಿದ್ಲು. ಬದುಕಿದ್ದಾಗ ಯಾವತ್ತೂ ದನಿ ಎತ್ತಿದವಳಲ್ಲ" ಎನ್ನುತ್ತಾರೆ ನರ್ಸಮ್ಮ.

ಮೇಷ್ಟ್ರು ಕ್ಯಾಸೆಟ್ಟು ಹಾಕಿ ದನಿ ತಗ್ಗಿಸುತ್ತಾರೆ. ನರ್ಸಮ್ಮ ನಡುವಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ.

"ಉಸಿರು ತಗೊಂಡದ್ದೂ ಕೇಳಿಸ್ತು" ಎಂದವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ಮೇಷ್ಟ್ರ ಕಿವಿಯ ವಿಷಯ ಮರೆತು ಕೇಳುತ್ತಾರೆ: "ಹೆಂಗಿದೆ ಹೇಳಿ, ನಮ್ಮಕ್ಕನ ದನಿ?"

ಇಷ್ಟು ತಗ್ಗಿದ ದನಿಯಲ್ಲಿ ಎಡಗಡೆಯ ಅಕ್ಕ ಮೇಷ್ಟ್ರಿಗೆ ಕೇಳಿಸುವುದಿಲ್ಲ, ಅವರ ಪಾಲಿಗೆ ಬಲಗಡೆಯ ತಂಗಿಯ ಹಾಡು ಮಾತ್ರ. ಆಮೇಲೆ ಅವರು ಕೈ ಚಾಚಿ ಆಂಪ್ಲಿಫೈಯರಿನ ಮುಂಭಾಗದ 'ಮೋನೋ' ಗುಂಡಿಯನ್ನು ಒತ್ತುತ್ತಾರೆ. ಎಡ ಬಲ ಎರಡನ್ನೂ ಕಲಸಿ ಒಂದೇ ಮಾಡುವ ಗುಂಡಿ ಅದು. ಹಾಡನ್ನು ಕೊಲ್ಲುವ ಗುಂಡಿ ಎಂದು ಜೀವಮಾನವಿಡೀ ಬೈದುಕೊಂಡು ಬಂದದ್ದು. ಈಗ ಬಲಗಿವಿಗೆ ಅಕ್ಕ ಬರುತ್ತಾರೆ. ತೆಳುವಾದ, ಸ್ವಲ್ಪ ಹಿಂಜರಿಯುವ, ತಂಗಿ ಎಡವಿದಲ್ಲಿ ಕೈ ಹಿಡಿದು ದಾಟಿಸುವ ದನಿ. ಮೇಷ್ಟ್ರು ಒಂದು ಚರಣ ಪೂರ್ತಿ ತಲೆ ಬಗ್ಗಿಸಿ ಕೇಳುತ್ತಾರೆ.

"ನಿಮಗಿಂತ ಚೆನ್ನಾಗಿ ಹಾಡ್ತಾರೆ ಬಿಡಿ" ಎನ್ನುತ್ತಾರೆ. ನರ್ಸಮ್ಮ ಅಳುತ್ತಲೇ ನಗುತ್ತಾರೆ.

"ಹಾಗೇ ಇರಲಿ ರೀ, ನೀವೂ ಪೂರ್ತಿ ಕೇಳಿ" ಎನ್ನುತ್ತಾರೆ ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಮೇಷ್ಟ್ರು ತಲೆ ಅಡ್ಡ ಆಡಿಸುತ್ತಾರೆ. ಬೆರಳು ಇನ್ನೂ ಗುಂಡಿಯ ಮೇಲಿದೆ.

"ಬೇಡ ಕಣೇ. ಇದು ನನ್ನ ಅನುಕೂಲ, ಅವರ ಹಾಡಲ್ಲ. ಅಕ್ಕ ಅಕ್ಕನ ಜಾಗದಲ್ಲೇ ಇರ್ಲಿ."

ಗುಂಡಿ ಟಕ್ಕೆಂದು ಹೊರಗೆ ಬರುತ್ತದೆ. ಕುರ್ಚಿಯಲ್ಲಿರುವ ತಂಗಿ ಎಡಕ್ಕೆ ಮುಖ ತಿರುಗಿಸಿ, ಎದುರಿಗೆ ಯಾರನ್ನೋ ಕಂಡವರಂತೆ ನಗುತ್ತಾರೆ. ಮೇಷ್ಟ್ರು ಆ ನಗುವನ್ನೇ ನೋಡುತ್ತಾ ಹಾಡು ಮುಗಿಯುವ ತನಕ ನಿಂತಿದ್ದಾರೆ.