ಎಪ್ಪತ್ತೆರಡು ಟೀಪಾಟ್‌ಗಳ ಸುಲೋಚನಾ

ಬೆಳಗಿನ ಆರು ಗಂಟೆ, ಮಾರ್ಚ್ ತಿಂಗಳ ಶನಿವಾರ. ಪರ್ತ್ ನಗರದ ನಾರ್ತ್‌ಬ್ರಿಜ್ ಬೀದಿಗಳು ಇನ್ನೂ ಆಕಳಿಸುತ್ತಿವೆ. ಚೀನೀ ಹೋಟೆಲೊಂದರ ಹಿಂಬಾಗಿಲು ಮಾತ್ರ ತೆರೆದಿದೆ. ಒಳಗೆ ಬಿದಿರಿನ ಬುಟ್ಟಿಗಳಿಂದ ಹಬೆ ಏಳುತ್ತಿದೆ. ಉದ್ದನೆಯ ಸ್ಟೀಲ್ ಮೇಜಿನ ಮುಂದೆ ನಿಂತು ಐವತ್ತಮೂರರ ಸುಲೋಚನಾ ಪಿಂಗಾಣಿ ಟೀಪಾಟ್‌ಗಳನ್ನು ಒರೆಸುತ್ತಿದ್ದಾರೆ. ಒಟ್ಟು ಎಪ್ಪತ್ತೆರಡು. ಒಂದೊಂದಕ್ಕೂ ಒಂದು ಚಿಟಿಕೆ ಚಹಾ ಸೊಪ್ಪು, ಮೇಲೆ ಮುಚ್ಚಳ.

"ಈ ಮುಚ್ಚಳದಿಂದ್ಲೇ ನನ್ ಕೆಲಸ ಹೋಗ್ಬೇಕಿತ್ತು," ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ, "ಇವತ್ತೂ ಹೋಗ್ಬಹುದು. ಮೂರು ಗಂಟೆಗೆ ಹೇಳ್ತಾರೆ," ಎನ್ನುತ್ತಾರೆ.

ಸುಲೋಚನಾ ಮೈಸೂರಿನವರು. ಪತಿ ಬಾಲಸುಬ್ರಹ್ಮಣ್ಯ ಭೂವಿಜ್ಞಾನಿ. ಉತ್ತರದ ಕಬ್ಬಿಣದ ಗಣಿಯಲ್ಲಿ ಎರಡು ವಾರ ದುಡಿದು, ಒಂದು ವಾರ ಮನೆಗೆ ಬರುತ್ತಿದ್ದವರು. 2015ರಲ್ಲಿ ಅದಿರಿನ ಬೆಲೆ ಬಿದ್ದು ಗಣಿ ಮುಚ್ಚಿತು. ಅವರೀಗ ಪೆಟ್ರೋಲ್ ಬಂಕಿನ ಕೌಂಟರಿನಲ್ಲಿದ್ದಾರೆ. ಇಲ್ಲಿಯವರ ಬಾಯಲ್ಲಿ ಅದು 'ಸರ್ವೋ'. ಗಣಿ ಮುಚ್ಚಿದ ಮೇಲೆ ಬೆಂಟ್ಲಿ ಬಡಾವಣೆಯ ಬಾಡಿಗೆ ಮನೆಯಿಂದ ಕೆಲಸ ಹುಡುಕಿ ಹೊರಟ ಸುಲೋಚನಾ ಅವರಿಗೆ ಸಿಕ್ಕಿದ್ದು ಈ ಹೋಟೆಲಿನ ತಿಂಡಿಯ ತಳ್ಳುಗಾಡಿ.

ಹೋಟೆಲು ಡಿಮ್ ಸಮ್ ತಿಂಡಿಯದ್ದು. ಹಿಟ್ಟಿನ ತೆಳು ಹೊದಿಕೆಯೊಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಪುಟ್ಟ ಪುಟ್ಟ ತಿನಿಸುಗಳು ಬುಟ್ಟಿಗಳಲ್ಲಿ ಗಾಡಿಯೇರಿ ಮೇಜಿನಿಂದ ಮೇಜಿಗೆ ಬರುತ್ತವೆ. ಬೇಕೆಂದವರು ಕೈ ತೋರಿಸಿದರೆ ಸಾಕು. ಅದರ ಜೊತೆ ಚಹಾ, ಎಷ್ಟು ಸಲ ಬೇಕಾದರೂ. ಹೂರಣ ಹೆಚ್ಚಾಗಿ ಹಂದಿ ಅಥವಾ ಸೀಗಡಿ. ಸುಲೋಚನಾ ಮೊಟ್ಟೆಯನ್ನೂ ಮುಟ್ಟದವರು. ಮೂರು ವರ್ಷಗಳಲ್ಲಿ ಇಲ್ಲಿಯ ಒಂದು ತಿನಿಸನ್ನೂ ಬಾಯಿಗೆ ಹಾಕಿಲ್ಲ.

"ರುಚಿ ಗೊತ್ತಿಲ್ಲಪ್ಪ. ಆದ್ರೆ ಹಿಟ್ಟು ಬೆಂದಿದ್ಯಾ ಇಲ್ವಾ ಅಂತ ನೋಡಿದ್ ತಕ್ಷಣ ಹೇಳ್ಬಿಡ್ತೀನಿ. ಕಡುಬು ಮಾಡಿದ್ ಕೈ ಅಲ್ವಾ?"

ಮುಚ್ಚಳದ ಕಥೆ ಮೊದಲ ವಾರದ್ದು. ಇಂಥ ಕಡೆ ಚಹಾ ಮುಗಿದರೆ ಯಾರೂ ಕೂಗುವುದಿಲ್ಲ. ಟೀಪಾಟಿನ ಮುಚ್ಚಳವನ್ನು ಓರೆಯಾಗಿ ತೆರೆದಿಟ್ಟು ಮಾತು ಮುಂದುವರಿಸುತ್ತಾರೆ. ಅದನ್ನು ಕಂಡವರು ಬಂದು ಬಿಸಿನೀರು ತುಂಬಬೇಕು. ಸುರಿದವರಿಗೆ ಎರಡು ಬೆರಳಿನಿಂದ ಮೇಜು ತಟ್ಟಿದರೆ ಅದೇ ಧನ್ಯವಾದ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸುಲೋಚನಾ ಗಾಡಿ ತಳ್ಳುತ್ತಾ ಹೋದಲ್ಲೆಲ್ಲ ತೆರೆದ ಮುಚ್ಚಳಗಳನ್ನು ಅಚ್ಚುಕಟ್ಟಾಗಿ ಮುಚ್ಚುತ್ತಾ ಹೋದರು.

"ನಮ್ಮಮ್ಮ ತಲೆ ಮೇಲೆ ಮೊಟಕಿ ಕಲ್ಸಿದ್ದೇ ಅದು, ಪಾತ್ರೆ ತೆರೆದಿಡಬೇಡ ಅಂತ. ಏನಾದ್ರೂ ಬಿದ್ಬಿಟ್ರೆ? ಇವ್ರೆಲ್ಲ ಎಷ್ಟು ಕೊಳಕು ಅನ್ಕೊಂಡೆ! ಅವ್ರು ತೆಗೀತಾರೆ, ನಾನು ಮುಚ್ತೀನಿ. ಅರ್ಧ ಹೋಟ್ಲಿಗೆ ಟೀ ಇಲ್ಲ."

ನಾನು ನಕ್ಕೆ. ನಗುತ್ತಲೇ ನನಗೆಂದು ತಂದಿಟ್ಟಿದ್ದ ಟೀಪಾಟ್ ನೋಡಿದೆ. ನಾನೂ ಮುಚ್ಚಿಟ್ಟಿದ್ದೆ.

ಮಾಲಕಿ ಮಿಸೆಸ್ ಫಂಗ್ ಅಂದು ಕೆಂಡವಾಗಿದ್ದರಂತೆ. ಒಂದು ವಾರ ಗಡುವು ಕೊಟ್ಟು ಉಳಿಸಿಕೊಂಡರು. ಅಂದಿನಿಂದ ಸುಲೋಚನಾ ಗಾಡಿ ತಳ್ಳುತ್ತಲೇ ಕಣ್ಣನ್ನು ಮುಚ್ಚಳಗಳ ಮೇಲಿಟ್ಟಿದ್ದಾರೆ. ಶನಿವಾರವೊಂದಕ್ಕೇ ಆರುನೂರಕ್ಕೂ ಹೆಚ್ಚು ಬುಟ್ಟಿ ಇಳಿಸುತ್ತಾರೆ, ಮುನ್ನೂರು ಸಲ ಚಹಾ ತುಂಬುತ್ತಾರೆ. ಮುಂಗೈಯಲ್ಲಿ ಹಬೆ ತಾಗಿದ ಕಲೆಗಳಿವೆ. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಕನ್ನಡದವರ ಪಾಟ್‌ಲಕ್ ಊಟದಲ್ಲಿ ಯಾರೋ "ಹಂದಿ ಗಾಡಿ ತಳ್ತಾರಂತೆ" ಎಂದು ಪಿಸುಗುಟ್ಟಿದ್ದು ಪತಿಯ ಕಿವಿಗೂ ಬಿತ್ತು. ಅವರು ದಿನಾ ಸಂಜೆ ಕರೆದೊಯ್ಯಲು ಬರುತ್ತಾರೆ. ಒಳಗೆ ಮಾತ್ರ ಕಾಲಿಟ್ಟಿಲ್ಲ, ಕಾರಿನಲ್ಲೇ ಕೂತಿರುತ್ತಾರೆ. ನನಗೆ ಆ ಪಿಸುಮಾತಿನವರ ಮೇಲೆ ಬಂದ ಸಿಟ್ಟು ಸುಲೋಚನಾ ಅವರಿಗೆ ಇದ್ದಂತಿಲ್ಲ.

ಈಗ ಗಾಡಿಗಳೇ ಹೋಗುತ್ತಿವೆ. ಏಪ್ರಿಲ್‌ನಿಂದ ಗಿರಾಕಿಗಳು ಚೀಟಿಯಲ್ಲಿ ಗುರುತು ಹಾಕಿ ತಿಂಡಿ ತರಿಸಿಕೊಳ್ಳಬೇಕು. ಗಾಡಿ ತಳ್ಳುವ ಮೂವರು ಹೆಂಗಸರಲ್ಲಿ ಒಬ್ಬರು ಮಾತ್ರ ಉಳಿಯುತ್ತಾರೆ, ಚಹಾ ನೋಡಿಕೊಳ್ಳಲು. ಸುಲೋಚನಾ ಬಿಟ್ಟರೆ ಇನ್ನಿಬ್ಬರೂ ಚಿಕ್ಕಂದಿನಿಂದ ಈ ಚಹಾ ಕುಡಿದೇ ಬೆಳೆದವರು. "ಮುಚ್ಚಳ ಮುಚ್ಚಿದೋಳನ್ನ ಯಾರು ಇಟ್ಕೋತಾರೆ, ಹೇಳಿ?"

ಹನ್ನೊಂದೂವರೆಗೆ ಹೋಟೆಲು ಗಿಜಿಗುಡುತ್ತದೆ. ಕಿಟಕಿಯ ಪಕ್ಕದ ಮೇಜಿನಲ್ಲಿ ಮಿಸ್ಟರ್ ಕ್ವಾನ್ ಎಂಬ ಮುದುಕರು ಒಬ್ಬರೇ ಕೂತಿದ್ದಾರೆ. ಅವರ ಟೀಪಾಟಿನ ಮುಚ್ಚಳ ಭದ್ರವಾಗಿ ಮುಚ್ಚಿದೆ. ಗಾಡಿ ತಳ್ಳುವ ಇನ್ನಿಬ್ಬರು ಹೆಂಗಸರು ಅದನ್ನು ನೋಡಿ ಮುಂದೆ ಹೋಗುತ್ತಾರೆ. ಸುಲೋಚನಾ ಮಾತ್ರ ನಿಲ್ಲುತ್ತಾರೆ, ಪಾಟ್ ಎತ್ತಿ ತೂಕ ನೋಡುತ್ತಾರೆ, ಬಿಸಿನೀರು ತುಂಬುತ್ತಾರೆ. ಮುದುಕರು ತಲೆಯೆತ್ತದೆ ಎರಡು ಬೆರಳಿನಿಂದ ಮೇಜು ತಟ್ಟುತ್ತಾರೆ.

"ಮುಚ್ಚಳ ತೆಗ್ದಿಡ್ತಿದ್ದಿದ್ದು ಅವ್ರ ಹೆಂಡ್ತಿ," ಎಂದು ಆಮೇಲೆ ನನಗೆ ಹೇಳುತ್ತಾರೆ. "ಹೋದ ವರ್ಷ ತೀರ್ಕೊಂಡ್ರು. ಇವರಿಗೆ ತೆಗೆದಿಡೋ ಅಭ್ಯಾಸನೇ ಇಲ್ಲ, ಕೇಳೋಕೂ ಸಂಕೋಚ. ಮುಚ್ಚಿದ್ ಮಾತ್ರಕ್ಕೆ ತುಂಬಿದೆ ಅಂತಲ್ಲ ಅಲ್ವಾ? ಮುಚ್ಚೋರ ಕಷ್ಟ ನಂಗ್ ಗೊತ್ತು."

ಕೌಂಟರಿನ ಹಿಂದೆ ನಿಂತ ಮಿಸೆಸ್ ಫಂಗ್ ಇದನ್ನು ನೋಡುತ್ತಿದ್ದರು. ಇವತ್ತೇ ನೋಡಿದ್ದಲ್ಲ, ಒಂದು ವರ್ಷದಿಂದ ನೋಡುತ್ತಿದ್ದೇನೆ ಎಂದು ನನಗೆ ಹೇಳಿದರು. ಮೂರು ಗಂಟೆಗೆ ಸುಲೋಚನಾ ಅವರನ್ನು ಕರೆದು, ಏಪ್ರಿಲ್‌ನಿಂದ ಚಹಾ ನಿಮ್ಮದು ಎಂದರು. ಸುಲೋಚನಾ ಸೆರಗಿಲ್ಲದ ಯೂನಿಫಾರ್ಮಿನ ಅಂಚಿನಲ್ಲೇ ಕಣ್ಣೊರೆಸಿಕೊಂಡು, ಮೊದಲು ಹೋಗಿ ಕೂತದ್ದು ಕೆಲಸ ಕಳೆದುಕೊಂಡ ಇಬ್ಬರ ಪಕ್ಕದಲ್ಲಿ.

ಹೊರಗೆ ಕಾರು ಬಂದು ನಿಂತಿದೆ. ಬಾಲಸುಬ್ರಹ್ಮಣ್ಯ ಸ್ಟಿಯರಿಂಗ್ ಹಿಡಿದು ಎದುರಿನ ಗೋಡೆ ನೋಡುತ್ತಾ ಕೂತಿದ್ದಾರೆ. ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ. ಸುಲೋಚನಾ ಗಾಜಿನಾಚೆ ಅವರನ್ನೇ ನೋಡುತ್ತಾರೆ.

"ಇವ್ರು ಒಂದ್ ಸಲ ಒಳಗ್ ಬಂದು ಕೂತ್ಕೊಂಡ್ರೆ ಸಾಕು. ಏನೂ ತಿನ್ನೋದ್ ಬೇಡ, ಏನೂ ಕೇಳೋದೂ ಬೇಡ. ಮುಚ್ಚಳ ಮುಚ್ಚಿಟ್ಕೊಂಡೇ ಕೂತಿರ್ಲಿ. ನಾನ್ ನೋಡ್ಕೋತೀನಿ."