ಮುಂದಿನ ಸಾಲಿನ ಕುರ್ಚಿ

ಆ ಊರಿನಲ್ಲಿ ಯಾವ ಪಕ್ಷದವರು ಸಭೆ ಮಾಡಿದರೂ ಜನ ಕೂರುತ್ತಿದ್ದುದು ಕುರ್ಚಿ ಅಕ್ಕನ ಕುರ್ಚಿಗಳ ಮೇಲೆಯೇ. ರೈಲ್ವೆ ಗೇಟಿನ ಪಕ್ಕದ ಗಲ್ಲಿಯಲ್ಲಿ ಅವಳ ತಗಡಿನ ಶೆಡ್ಡು. ಒಳಗೆ ಒಂದರೊಳಗೊಂದು ಸಿಕ್ಕಿಸಿ ಸೂರು ಮುಟ್ಟುವಂತೆ ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಬೆರಳು ಸಿಕ್ಕರೆ ಚರ್ಮ ಕೀಳುವ ಕಬ್ಬಿಣದ ಮಡಿಸುವ ಕುರ್ಚಿಗಳು, ಗಣ್ಯರ ಬೆನ್ನಿಗೆಂದೇ ಬೇರೆಯಾಗಿ ಬಟ್ಟೆ ಮುಚ್ಚಿಟ್ಟ ಮೆತ್ತೆಯ ಕುರ್ಚಿಗಳು. ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆ.

ಕುರ್ಚಿ ಬಾಡಿಗೆಗೆ ಕೊಡುವವರು ಬೇಕಾದಷ್ಟು ಜನ ಇದ್ದರು, ಕುರ್ಚಿ ಹಾಕಲು ಬಲ್ಲವಳು ಮಾತ್ರ ಅವಳೊಬ್ಬಳೇ. ಮೈದಾನಕ್ಕೆ ಬಂದವಳೇ ಎಲ್ಲ ಕುರ್ಚಿಗಳನ್ನೂ ಹರಡುತ್ತಿರಲಿಲ್ಲ. ಮೊದಲು ನಾಲ್ಕಾರು ಸಾಲು ಹಾಕಿಸಿ ಉಳಿದದ್ದನ್ನು ಲಾರಿಯಲ್ಲೇ ಬಿಡುತ್ತಿದ್ದಳು. ಜನ ಬಂದು ನಿಲ್ಲಬೇಕು, ಕುರ್ಚಿ ಎಲ್ಲಿ ಎಂದು ಗೊಣಗಬೇಕು, ಆಗ ಇನ್ನೊಂದು ಸಾಲು ಇಳಿಯಬೇಕು. ಹೀಗೆ ಮಾಡಿದರೆ ಮದುವೆ ಮನೆಯಷ್ಟು ಜನವೂ ಜಾತ್ರೆಯಂತೆ ಕಾಣುತ್ತಾರೆ. ಅದಕ್ಕಿಂತ ಮುಖ್ಯವಾದ ಅವಳ ಇನ್ನೊಂದು ಕಟ್ಟಳೆಯೆಂದರೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯೂ ಖಾಲಿ ಇರಬಾರದು. ಹಿಂದೆ ಐವತ್ತು ಖಾಲಿ ಇದ್ದರೂ ಯಾರೂ ನೋಡುವುದಿಲ್ಲ, ಮುಂದೆ ಒಂದು ಖಾಲಿಯಾದರೆ ಸಭೆಯ ಮುಂದಿನ ಹಲ್ಲೇ ಬಿದ್ದಂತೆ. ಯಾರೂ ಸಿಗದಿದ್ದರೆ ಲಾರಿ ಡ್ರೈವರನನ್ನೇ ಮುಖ ತೊಳೆಸಿ ಕೂರಿಸುತ್ತಿದ್ದಳು.

ಈ ಸಲ ಕುರ್ಚಿ ಹಾಕುವುದು ಬಾಡಿಗೆಗಾಗಿ ಆಗಿರಲಿಲ್ಲ. ವಿಧಾನಸಭೆಗೆ ನಿಂತವನು ಅವಳ ಸ್ವಂತ ತಮ್ಮ.

ತಾಯಿಯಿಲ್ಲದ ಹುಡುಗನನ್ನು ಸಾಕಿದವಳು ಅವಳೇ. ಅಪ್ಪ ಹೋದ ಮೇಲೆ ಶೆಡ್ಡಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊಟ್ಟೆ ಬಟ್ಟೆ ಕಟ್ಟಿ ಅವನನ್ನು ಓದಿಸಿದಳು. ಅವನು ವಿಮೆ ಏಜೆಂಟನಾದ, ಅಂಗಡಿಯವರ ಸಂಘದ ಕಾರ್ಯದರ್ಶಿಯಾದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮಾತಾಡಲು ಕಲಿತ. ಅವನ ಮಾತು ಸುಳ್ಳಿನ ಮಾತಲ್ಲ, ನಂಬಿಯೇ ಆಡುತ್ತಿದ್ದ. ಅವರವರ ಭಾರ ಅವರವರೇ ಹೊರಬೇಕು. ಸಣ್ಣ ಅಂಗಡಿಯವರ ಮೇಲಿನ ತೆರಿಗೆ ಇಳಿಯಬೇಕು. ಸರ್ಕಾರ ಬಿಟ್ಟಿ ಕೊಟ್ಟು ಕೊಟ್ಟು ಜನರ ಕೈಕಾಲು ಮುರಿಯುತ್ತಿದೆ. ಶಾಲೆಯಲ್ಲಿ ಶಿಸ್ತು ಬೇಕು, ಮನೆಯಲ್ಲಿ ಹಿರಿಯರ ಮಾತು ನಡೆಯಬೇಕು. ಕುರ್ಚಿ ಅಕ್ಕನಿಗೂ ಇದರಲ್ಲಿ ತಕರಾರಿರಲಿಲ್ಲ. ಅವಳೂ ಯಾರ ಮುಂದೆಯೂ ಕೈ ಚಾಚಿದವಳಲ್ಲ.

ಅವನಿಗೆ ಹೆಚ್ಚು ಚಪ್ಪಾಳೆ ಬೀಳುತ್ತಿದ್ದುದು ಒಂದು ಮಾತಿಗೆ. ಗಂಡನ ಮನೆ ಬಿಟ್ಟು ಬಂದ ಹೆಂಗಸರಿಗಾಗಿ ಊರಿನಲ್ಲೊಂದು ತಂಗುಮನೆ ಕಟ್ಟಿಸುವುದಾಗಿ ಆಗಿನ ಸರ್ಕಾರ ಹೇಳಿತ್ತು. ಗೆದ್ದರೆ ಮೊದಲು ಅದನ್ನು ನಿಲ್ಲಿಸುತ್ತೇನೆ ಎನ್ನುತ್ತಿದ್ದ ತಮ್ಮ.

"ಹೆಣ್ಣುಮಗಳಿಗೆ ಕಷ್ಟ ಬಂದ್ರೆ ತವರುಮನೆ ಇಲ್ವಾ? ಅಣ್ಣತಮ್ಮಂದಿರು ಸತ್ತು ಹೋಗಿದ್ದಾರಾ? ಸರ್ಕಾರದ ಕಟ್ಟಡದಲ್ಲಿ ಯಾಕ್ರೀ ಮಲಗಬೇಕು ನಮ್ಮ ಹೆಣ್ಣುಮಕ್ಕಳು?"

ಆ ಮಾತಿಗೆ ಲಾರಿಯ ಪಕ್ಕ ನಿಂತ ಕುರ್ಚಿ ಅಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಕಾರಣವಿತ್ತು. ಅವಳೇ ಗಂಡನನ್ನು ಬಿಟ್ಟು ಬಂದವಳು. ಅಪ್ಪನಿಗೆ ಹುಷಾರಿಲ್ಲ ಎಂದು ಹೇಳಲು ಚಡ್ಡಿ ಹಾಕಿದ ತಮ್ಮ ಅವಳ ಗಂಡನ ಮನೆಗೆ ಹೋಗಿದ್ದಾಗ, ಅಕ್ಕನ ಒಡೆದ ತುಟಿ ನೋಡಿ, ಬಂದ ಸುದ್ದಿಯನ್ನೇ ಮರೆತಿದ್ದ. "ಅಕ್ಕ, ಟ್ರಂಕು ಎಲ್ಲಿ? ನಡಿ ಹೋಗೋಣ" ಎಂದಿದ್ದ. ಟ್ರಂಕು ಅವನ ತಲೆಯ ಮೇಲೆ, ಎಳೆ ಕೂಸು ಅವಳ ಸೊಂಟದ ಮೇಲೆ. ಊರವರು ಬಾಯಿಗೆ ಬಂದಂತೆ ಆಡಿಕೊಂಡರು. ಆ ಬಾಯಿಗಳೆಲ್ಲ ಒಂದು ದಿನ ಮುಚ್ಚಬೇಕು, ತಾನು ಸಾಕಿದ ತಮ್ಮ ದೊಡ್ಡವನಾಗಿ ನಿಂತು ಮುಚ್ಚಿಸಬೇಕು ಎಂದು ಅವಳು ಅಂದಿನಿಂದ ಕಾದಿದ್ದಳು. ಬದುಕಿನಲ್ಲಿ ಬೇರೇನನ್ನೂ ಅವಳು ಅಷ್ಟು ಬಯಸಿರಲಿಲ್ಲ. ದುರಂತವೆಂದರೆ ಇದೇ.

ಮತದಾನಕ್ಕೆ ಇನ್ನು ಕೆಲವೇ ವಾರಗಳಿದ್ದಾಗ, ಒಂದು ಬೆಳಿಗ್ಗೆ, ಲಾರಿಗೆ ಕುರ್ಚಿ ತುಂಬಿಸುತ್ತಿದ್ದ ಹೊತ್ತಿಗೆ ಸೊಂಟದ ಮೇಲೆ ಬಂದಿದ್ದ ಆ ಕೂಸು ಕಾಲುನಡಿಗೆಯಲ್ಲಿ ಬಂದಿತು. ಮಗಳಿಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಎಡಗೈ ಮಣಿಕಟ್ಟಿಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದಳು.

"ಅಮ್ಮ, ನಾನಿನ್ನು ಅಲ್ಲಿಗೆ ಹೋಗಲ್ಲ" ಎಂದಳು. ಅಷ್ಟೇ. ಅಳಲಿಲ್ಲ.

ತಾಯಿ ಟವೆಲ್ ಬಿಚ್ಚಿ ನೋಡಿದಳು. ಕೈ ಬಾತುಕೊಂಡು ನೀಲಿಗಟ್ಟಿತ್ತು. "ಯಾರು ಹೋಗು ಅಂದ್ರು ನಿಂಗೆ? ಬಾ ಒಳಗೆ" ಎಂದಳು. ಇದನ್ನು ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅಲ್ಲಿಗೇ ಕಥೆ ಮುಗಿದಿದ್ದರೆ ಅವಳನ್ನು ಕೈಯೆತ್ತಿ ಮುಗಿಯಬಹುದಿತ್ತು.

ಮಗಳು ಬಂದ ಸುದ್ದಿ ಗಲ್ಲಿ ದಾಟಲು ತಡವಾಗಲಿಲ್ಲ. ಎದುರು ಪಕ್ಷದವರ ಕಿವಿಗೂ ಬಿತ್ತು. ಆ ವಾರದ ಕೊನೆಗೆ ತಮ್ಮ ಬಂದ. ಕಾರು ಗಲ್ಲಿಯ ಬಾಯಲ್ಲೇ ನಿಲ್ಲಿಸಿ ನಡೆದು ಬಂದು ಅಕ್ಕನ ಮಗಳ ಕೈ ಹಿಡಿದು ನೋಡಿದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಕಣ್ಣೊರೆಸಿಕೊಂಡು ಅಕ್ಕನನ್ನು ಶೆಡ್ಡಿಗೆ ಕರೆದ.

"ಅಕ್ಕ, ಅವನ ಸೊಕ್ಕು ನಾನು ಇಳಿಸ್ತೀನಿ, ಆ ಜವಾಬ್ದಾರಿ ನನ್ನದು. ಆದ್ರೆ ಈಗಲ್ಲ. ದೊಡ್ಡ ಮೈದಾನದ ಸಭೆಗೆ ಮೇಲಿನ ನಾಯಕರು ಬರ್ತಿದ್ದಾರೆ. ಮುಂದಿನ ಸಾಲಲ್ಲಿ ಮನೆಯವರೆಲ್ಲ ಇರಬೇಕು ಅಂದಿದ್ದಾರೆ. ಮಗಳು ಅಳಿಯ ಒಟ್ಟಿಗೆ ಕೂರಲಿ. ವೋಟು ಮುಗಿಯೋ ತನಕ ಅವಳು ಅಲ್ಲಿರಲಿ."

"ಕೈ ನೋಡಿದ್ಯಲ್ಲೋ ನೀನು?"

"ನೋಡಿದೆ. ಅವನ ಹತ್ರ ಮಾತಾಡಿದ್ದೀನಿ. ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದಾನೆ."

"ತವರುಮನೆ ಇಲ್ವಾ ಅಂತ ಮೈಕಲ್ಲಿ ನೀನೇ ಕೇಳ್ತೀಯ."

"ಅದಕ್ಕೇ ಹೇಳ್ತಿರೋದು! ನಾನು ಅಷ್ಟು ದೊಡ್ಡ ಮಾತಾಡಿ, ನನ್ನ ಮನೇಲೇ ಹೀಗಾಗಿದೆ ಅಂದ್ರೆ ನಾಳೆ ಬೆಳಿಗ್ಗೆ ನಗಾಡ್ತಾರೆ ಅಕ್ಕ. ಎಲ್ಲ ಮಣ್ಣು ಪಾಲಾಗುತ್ತೆ. ನೀನು ಪಟ್ಟ ಕಷ್ಟ ಎಲ್ಲ."

ಕೊನೆಯ ಮಾತು ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. ವಿಮೆ ಮಾರಿದ ನಾಲಿಗೆಯಲ್ಲವೇ, ಯಾರನ್ನು ಯಾವುದರಿಂದ ಹೆದರಿಸಬೇಕೆಂದು ಅದಕ್ಕೆ ಗೊತ್ತಿತ್ತು.

ತಾಯಿ ಒಳಗೆ ಹೋಗಿ ಮಗಳ ಮುಂದೆ ಕೂತಳು. ಏನೇನೋ ತಿಪ್ಪೆ ಸಾರಿಸಿದಳು. ಸ್ವಲ್ಪ ದಿನ ಅಷ್ಟೇ, ಮಾಮ ಗೆದ್ದರೆ ನಿನಗೇ ಬಲ, ಆಮೇಲೆ ನಾನೇ ಬಂದು ಕರೆದುಕೊಂಡು ಬರುತ್ತೇನೆ, ನನ್ನಾಣೆ. ಮಗಳು ಎಲ್ಲವನ್ನೂ ಕೇಳಿದಳು.

"ಮಾಮ ನಿನ್ನನ್ನ ಕರ್ಕೊಂಡು ಬಂದಾಗ ಯಾವ ವೋಟೂ ಇರಲಿಲ್ಲ ಅಲ್ವಾ ಅಮ್ಮ" ಎಂದಳು. "ನಿನ್ನ ಅದೃಷ್ಟ."

ಆದರೂ ಹೋಗಬೇಡ ಎಂದು ತಾಯಿ ಹೇಳಲಿಲ್ಲ.

ಸಭೆಯ ದಿನ ಮೈದಾನ ತುಂಬಿತ್ತು. ಲಾರಿಯಲ್ಲಿ ಕುರ್ಚಿ ಮುಚ್ಚಿಡುವ ಆಟವೇ ಬೇಕಾಗಲಿಲ್ಲ. ಮುಂದಿನ ಸಾಲಿಗೆ ಅವಳು ಮೆತ್ತೆಯ ಕುರ್ಚಿಗಳನ್ನು ಹಾಕಿ, ಒಂದೊಂದನ್ನೂ ಸೆರಗಿನಲ್ಲಿ ಒರೆಸಿದ್ದಳು. ಅಳಿಯ ಮೊದಲೇ ಬಂದು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ಪಕ್ಕದ ಕುರ್ಚಿ ಖಾಲಿ. ಮಗಳು ದೂರದಲ್ಲಿ ಹಗ್ಗ ಕಟ್ಟಿದ ಕಂಬದ ಹತ್ತಿರ ನಿಂತಿದ್ದಳು. ಉದ್ದ ತೋಳಿನ ರವಿಕೆ ತೊಟ್ಟಿದ್ದಳು. ಮುಂದೆ ಬರುವ ಸೂಚನೆ ಕಾಣಲಿಲ್ಲ.

ನಾಯಕರ ಕಾರು ಬಂದ ಸದ್ದಾಯಿತು. ಕ್ಯಾಮೆರಾದವರು ಓಡಿದರು. ಕುರ್ಚಿ ಅಕ್ಕನ ಕಣ್ಣಿಗೆ ಆಗ ಮೈದಾನದಲ್ಲಿ ಬೇರೇನೂ ಕಾಣಲಿಲ್ಲ. ಜನ ಕಾಣಲಿಲ್ಲ, ತಮ್ಮ ಕಾಣಲಿಲ್ಲ, ಮಗಳ ಮುಖವಂತೂ ಕಾಣಲೇ ಇಲ್ಲ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇದೆ ಎಂಬುದಷ್ಟೇ ಕಂಡಿತು. ಇಷ್ಟು ವರ್ಷ ಹೊಟ್ಟೆ ಹೊರೆದ ಕಸುಬು ಅವಳ ಕಾಲುಗಳನ್ನು ಓಡಿಸಿತು. ಮಗಳ ಬಲಗೈ ಹಿಡಿದಳು. ಎಡಗೈ ಹಿಡಿಯಬಾರದೆಂಬ ನೆನಪು ಮಾತ್ರ ಇತ್ತು, ಮಹಾತಾಯಿಗೆ! ಸಾಲಿನುದ್ದಕ್ಕೂ ಎಳೆದುಕೊಂಡು ಬಂದು, ಭುಜ ಒತ್ತಿ ಆ ಕುರ್ಚಿಯಲ್ಲಿ ಕೂರಿಸಿದಳು. ಕೂರಿಸಿದ ಮೇಲೆ ಕುರ್ಚಿಯನ್ನು ಅಳಿಯನ ಕಡೆಗೆ ಇಷ್ಟು ಸರಿಸಿ ಸಾಲನ್ನು ಸರಿಮಾಡಿದಳು.

ತಮ್ಮ ಅವತ್ತು ಬಹಳ ಚೆನ್ನಾಗಿ ಮಾತಾಡಿದ. "ನಮ್ಮಕ್ಕ ಚಿಕ್ಕ ವಯಸ್ಸಿಗೇ ಗಂಡನ್ನ ಕಳ್ಕೊಂಡ್ರು. ಆದ್ರೂ ಮರ್ಯಾದೆಯಿಂದ ಬಾಳಿದ್ರು" ಎಂದ. ಸಂಗತಿ ತಿಳಿಯದ ಜನ ಅಯ್ಯೋ ಪಾಪ ಎಂದು ಅವಳತ್ತ ತಿರುಗಿದರು. ಕಳೆದುಕೊಂಡಳಂತೆ, ಬಸ್ಸಿನಲ್ಲಿ ಕೊಡೆ ಕಳೆದುಕೊಂಡ ಹಾಗೆ! ಆ ಮನುಷ್ಯ ಪಕ್ಕದ ಊರಿನಲ್ಲಿ ಮೋಟಾರು ರಿಪೇರಿ ಮಾಡಿಕೊಂಡು, ಇನ್ನೊಂದು ಸಂಸಾರ ಹೂಡಿಕೊಂಡು, ಗುಂಡುಕಲ್ಲಿನಂತಿದ್ದ. ತನ್ನ ಬದುಕಿನಲ್ಲಿ ಅವಳು ಮಾಡಿದ ಒಂದೇ ಒಂದು ಧೈರ್ಯದ ಕೆಲಸವನ್ನು ತಮ್ಮ ಮೈಕಿನ ಮುಂದೆ ಅಳಿಸಿಹಾಕಿದ್ದ. ಅವಳು ತಲೆ ತಗ್ಗಿಸಿದಳು. ನೋಡಿದವರು ದುಃಖ ಎಂದುಕೊಂಡರು.

"ನಮ್ಮ ಮನೆ ನೋಡಿ" ಎಂದು ತಮ್ಮ ಮುಂದಿನ ಸಾಲಿಗೆ ಕೈ ತೋರಿಸಿದ. ಅಳಿಯ ಮಗಳ ಕುರ್ಚಿಯ ಬೆನ್ನಿನ ಮೇಲೆ ಕೈ ಚಾಚಿ ನಕ್ಕ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಸಭೆ ಮುಗಿದ ಮೇಲೆ ಮಗಳು ಗಂಡನ ಸ್ಕೂಟರಿನ ಹಿಂದೆ ಕೂತು ಹೊರಟಳು, ತಿರುಗಿ ನೋಡಲಿಲ್ಲ.

ತಮ್ಮ ಗೆದ್ದ. ಪಟಾಕಿ ಹೊಡೆದರು. ಒಂದು ಕಾಲದಲ್ಲಿ ಆಡಿಕೊಂಡವರೆಲ್ಲ ಶೆಡ್ಡಿಗೆ ಬಂದು ಹಲ್ಲು ಕಿರಿದು, "ಶಾಸಕರ ಅಕ್ಕ" ಎಂದರು. ಅವಳು ಎಷ್ಟೋ ವರ್ಷ ಕಾದಿದ್ದ ಗಳಿಗೆ ಅದು. ಅದು ಬಂದಾಗ ಅವಳಿಗೆ ಏನೂ ಅನ್ನಿಸಲಿಲ್ಲ.

ಮಗಳನ್ನು ಕರೆತರೋಣ ಎಂದು ತಮ್ಮನ ಮನೆಗೆ ಹೋದಳು. ವರಾಂಡದಲ್ಲಿ ಜನರ ಜೊತೆ ಕಾದು ಒಳಗೆ ಹೋಗಬೇಕಾಯಿತು.

"ಈಗ ಇನ್ನೂ ಜಾಸ್ತಿ ಕಣ್ಣು ನಮ್ಮ ಮೇಲಿದೆ ಅಕ್ಕ" ಎಂದ ತಮ್ಮ. "ಸ್ವಲ್ಪ ತಡಿ. ಹೇಗಿದ್ರೂ ಹೊಂದ್ಕೊಂಡು ಹೋಗ್ತಿದ್ದಾರಲ್ಲ."

"ಯಾರು ಹೇಳಿದ್ರು ನಿಂಗೆ?"

"ಅಳಿಯಾನೇ ಹೇಳ್ದ" ಎಂದ, ಪೆನ್ನಿನ ಮುಚ್ಚಳ ತೆಗೆಯುತ್ತಾ.

ಅವಳು ಎದ್ದು ನೇರವಾಗಿ ಬಸ್ ಸ್ಟ್ಯಾಂಡಿಗೆ ನಡೆದಳು. ಮಗಳ ಮನೆ ಊರಾಚೆಯ ಬಡಾವಣೆಯಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ ಮಹಡಿಯ ಮೇಲೆ. ಬಾಗಿಲು ತಟ್ಟಿದಳು. ಮಗಳೇ ತೆರೆದಳು, ಪೂರ್ತಿ ಅಲ್ಲ, ಮುಖ ಕಾಣುವಷ್ಟು. ಹುಬ್ಬಿನ ಮೇಲೆ ಹೊಸ ಗಾಯವಿತ್ತು.

"ನಡಿ ಮಗಳೇ" ಎಂದಳು ತಾಯಿ. ಏದುಸಿರು ಬರುತ್ತಿತ್ತು. "ಬಟ್ಟೆಬರೆ ಏನೂ ಬೇಡ. ಹಾಗೇ ಬಾ."

"ಎಲ್ಲಿಗೆ?"

"ಮನೆಗೆ ಕಣೇ. ಇನ್ನೆಲ್ಲಿಗೆ?"

"ಆ ಮನೆಗೆ ನಾನು ಬಂದಿದ್ದೆ ಅಮ್ಮ."

"ತಪ್ಪಾಯ್ತು. ನನ್ನ ತಪ್ಪು. ಯಾರೇನೇ ಅನ್ನಲಿ, ಇನ್ನು ಕಳಿಸಲ್ಲ ನಿನ್ನನ್ನ. ಬಾ."

ಮಗಳ ದನಿ ಏರಲಿಲ್ಲ. "ಅವತ್ತಿಂದ ಇವರು ಒಂದೇ ಮಾತು ಹೇಳ್ತಾರೆ. ಊರೆಲ್ಲ ನೋಡ್ತಿರೋವಾಗ ನಿಮ್ಮಮ್ಮನೇ ಎಳ್ಕೊಂಡು ಬಂದು ನನ್ನ ಪಕ್ಕ ಕೂರಿಸಿದ್ಲು, ಯಾರ ಹತ್ರ ಹೋಗಿ ಹೇಳ್ತೀಯ ಹೇಳು ಅಂತಾರೆ. ನಾನೂ ಯೋಚನೆ ಮಾಡ್ದೆ. ಯಾರ ಹತ್ರ ಹೇಳ್ಲಿ? ಆ ತಂಗುಮನೇನೂ ಕಟ್ಟಲ್ವಂತೆ ಈಗ."

ತಾಯಿ ಬಾಗಿಲಿಗೆ ಕೈ ಕೊಟ್ಟಳು. ತಳ್ಳುವ ಧೈರ್ಯವಾಗಲಿಲ್ಲ.

ಒಳಗಿನಿಂದ ಅಳಿಯನ ದನಿ ಕೇಳಿಸಿತು. "ಯಾರೇ ಅದು, ಬಾಗಿಲಲ್ಲಿ?"

ಮಗಳು ತಾಯಿಯ ಮುಖವನ್ನೇ ನೋಡುತ್ತಾ, "ಯಾರೂ ಇಲ್ಲ" ಎಂದು ಬಾಗಿಲು ಹಾಕಿಕೊಂಡಳು.