ನಮ್ಮ ಕಾರಿಗೆ ಮುಖ ಕೊಟ್ಟ ಗ್ಯಾರೇಜಣ್ಣ

ಗ್ಯಾರೇಜಣ್ಣನ ಹುಬ್ಬಿನ ಮೇಲೆ ಯಾವಾಗಲೂ ಯಾರದೋ ಕಾರಿನ ಬಣ್ಣ ಇರುತ್ತಿತ್ತು. ಒಂದು ದಿನ ಬಿಳಿ, ಇನ್ನೊಂದು ದಿನ ತಿಳಿಹಸಿರು, ಮತ್ತೊಂದು ದಿನ ಕಪ್ಪು. ಯಡಿಯೂರು ಕೆರೆಯ ಕಡೆಯಿಂದ ಅವರು ನಡೆದು ಬರುತ್ತಿದ್ದರೆ, ಇವತ್ತು ಶೆಡ್ಡಿನಲ್ಲಿ ಯಾವ ಬಣ್ಣದ ಕಾರು ನಿಂತಿದೆ ಎಂದು ಮುಖ ನೋಡಿಯೇ ಹೇಳಬಹುದಿತ್ತು. ಮೂಗು ಬಾಯಿಗೆ ಟವೆಲ್ಲು ಸುತ್ತಿಕೊಂಡು ಬಣ್ಣ ಹೊಡೆಯುತ್ತಿದ್ದರು. ಟವೆಲ್ಲು ಮುಚ್ಚಿದಷ್ಟು ಮುಖ ಚೊಕ್ಕ, ಅದರ ಮೇಲಿನದೆಲ್ಲ ಬಣ್ಣ.

ಈಗ ಅವರ ನೆನಪು ಯಾಕೆ ಬಂತು ಅಂದರೆ, ನನ್ನ ಮೊಮ್ಮಗಳು ಕಾರು ಕೊಂಡಳು. ತನ್ನದೇ ದುಡಿಮೆಯಲ್ಲಿ. ನನ್ನನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಜಯನಗರ, ಬನಶಂಕರಿ ಎಲ್ಲ ಸುತ್ತಿಸಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮೊಮ್ಮಗಳು ಗೇರು ಹಾಕುವುದನ್ನು ನೋಡುತ್ತಾ ನೋಡುತ್ತಾ ಹೊಟ್ಟೆ ತುಂಬಿಹೋಯಿತು. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವರಿಗೂ ಇವಳು ನನ್ನ ಮೊಮ್ಮಗಳು ಎಂದು ಹೇಳಿಬಿಟ್ಟೆ. ಆಮೇಲೆ ಒಂದು ದಿನ ಯಾವುದೋ ಆಟೋ ಬಂದು ಬಾಗಿಲಿಗೆ ಉಜ್ಜಿತು. ಇನ್ಶೂರೆನ್ಸಿನವರು ಯಾವ ಗ್ಯಾರೇಜಿಗೆ ಬಿಡುತ್ತೀರಿ ಎಂದು ಕೇಳಿದ್ದಾರೆ. ಫೋನು ಹಿಡಿದುಕೊಂಡೇ ಇವಳು ನಗುತ್ತಾ, "ಅಜ್ಜಿ, ನೀನೇ ಹೇಳು, ಎಲ್ಲಿಗೆ ಬಿಡ್ಲಿ?" ಅಂದಳು. ತಮಾಷೆಗೆ ಕೇಳಿದ್ದು. ನಾನೂ ನಕ್ಕೆ. ನಕ್ಕು ಒಳಗೆ ಬಂದು ಕೂತರೆ ಗ್ಯಾರೇಜಣ್ಣ ನೆನಪಾದರು. ಯಾಕೆಂದರೆ ಅದೇ ಪ್ರಶ್ನೆಯನ್ನು ನನಗೆ ಒಮ್ಮೆ ನಿಜವಾಗಿಯೂ ಕೇಳಿದ್ದರು.

ಎಂಬತ್ತರ ಆಸುಪಾಸಿನ ಮಾತು. ನಾವು ಆಗ ತ್ಯಾಗರಾಜನಗರದಲ್ಲಿ ಒಂದು ವಠಾರದಲ್ಲಿದ್ದೆವು. ನಮ್ಮ ಯಜಮಾನರು ಬಾಡಿಗೆಗೆ ಓಡಿಸುತ್ತಿದ್ದ ಒಂದು ಹಳೇ ಅಂಬಾಸಿಡರೇ ನಮ್ಮ ಹೊಲ, ನಮ್ಮ ಅಂಗಡಿ, ಎಲ್ಲವೂ. ದಸರೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಕನಕಪುರ ರಸ್ತೆಯಲ್ಲಿ ಲಾರಿಯೊಂದು ಎದುರಿಗೆ ಬಂದು ಗುದ್ದಿತು. ಇವರ ಕಾಲು ಮುರಿಯಿತು. ಕಾರಿನ ಮುಂದುಗಡೆ ಜಜ್ಜಿಹೋಯಿತು, ಒಂದು ಬಾಗಿಲೂ ಒಳಕ್ಕೆ ಹೋಯಿತು. ಇವರು ಆಸ್ಪತ್ರೆಯಲ್ಲಿ ಮಲಗಿ ಕಾಲಿನ ಚಿಂತೆ ಮಾಡಲಿಲ್ಲ, ಕಾರು ಹೇಗಿದೆ, ಕಾರು ಹೇಗಿದೆ ಎಂದೇ ಕೇಳುತ್ತಿದ್ದರು. ಇನ್ಶೂರೆನ್ಸ್ ಆಫೀಸಿಗೆ ಹೋಗಬೇಕಾದವಳು ನಾನಾದೆ. ಅಲ್ಲಿನವರು, ಗಾಡಿ ಎಲ್ಲಿಗೆ ಬಿಡುತ್ತೀರಿ ಎಂದು ಕೇಳಿ, ಗ್ಯಾರೇಜು ನೀವೇ ನೋಡಿಕೊಳ್ಳಿ, ಆದರೆ ನಷ್ಟ ಅಂದಾಜು ಮಾಡುವ ನಮ್ಮ ಸರ್ವೇಯರ್ ಬಂದು ನೋಡುವವರೆಗೂ ಒಂದು ನಟ್ಟನ್ನೂ ಮುಟ್ಟಬಾರದು ಎಂದು ಬಿಡಿಸಿ ಹೇಳಿ ಕಳಿಸಿದರು.

ಮೈದುನ ನನ್ನನ್ನು ಮೊದಲು ಊರೊಳಗಿನ ಒಂದು ದೊಡ್ಡ ವರ್ಕ್‌ಶಾಪಿಗೆ ಕರೆದುಕೊಂಡು ಹೋದ. ಗಾಜಿನ ಬಾಗಿಲು, ಮೇಜು, ಮೇಜಿನ ಹಿಂದೆ ಟೈ ಕಟ್ಟಿದವರು. ಪಾಲಿಸಿ ಇದೆಯಾ, ಯಾವ ವರ್ಷದ ಗಾಡಿ, ಅಷ್ಟು ಕೇಳಿದರು. ವಾಪಸು ಬರುವಾಗ ಯಡಿಯೂರಿನಲ್ಲಿ ಇಳಿದು, ಕೆರೆ ಪಕ್ಕದ ತಗಡಿನ ಶೆಡ್ಡಿಗೆ ಹೋದೆವು. ಗ್ಯಾರೇಜಣ್ಣ ಕಾರಿನ ಅಡಿಯಿಂದ ಹೊರಗೆ ಬಂದು, ನಾನು ಬಾಯಿ ಬಿಡುವ ಮೊದಲೇ, "ಓಡಿಸ್ತಿದ್ದೋರು ಹೆಂಗಿದ್ದಾರೆ ತಾಯಿ?" ಅಂದರು. ಸುದ್ದಿ ಆಗಲೇ ಮುಟ್ಟಿತ್ತು. ನನಗೆ ಅಷ್ಟು ಸಾಕಾಯಿತು. ಮೈದುನ ದಾರಿಯುದ್ದಕ್ಕೂ ಗೊಣಗಿದ, ತಗಡು ಬಡಿಯುವವನ ಕೈಗೆ ಕೊಡುತ್ತೀಯಲ್ಲ ಅತ್ತಿಗೆ ಎಂದು. ಕೊಟ್ಟೆ.

ಅವರಲ್ಲಿ ಒಂದು ಪದ್ಧತಿ ಇತ್ತು. ಆಕ್ಸಿಡೆಂಟ್ ಆದ ಕಾರು ಬಂದರೆ ಅದರ ಮುಖವನ್ನು ಗೋಡೆ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದರು. ಮನೆಯವರು ಬಂದು ಆ ಗಾಯ ನೋಡಿ ಅಳುವುದು ಬೇಡ ಎಂದು. ಅವರಿಗೆ ಕೋಪ ಬೇಗ, ಕೆಲಸ ನಿಧಾನ. ಇವತ್ತು ಕೊಡುತ್ತೇನೆ ಅಂದ ಗಾಡಿ ಯಾವತ್ತೂ ಇವತ್ತು ಹೋದದ್ದಿಲ್ಲ. ಗಿರಾಕಿಗಳು ಬೈದರೆ ಅವರೂ ತಿರುಗಿ ಬೈಯುತ್ತಿದ್ದರು, ಬೈದು ಮುಗಿದ ಮೇಲೆ ಇಬ್ಬರಿಗೂ ಟೀ ತರಿಸುತ್ತಿದ್ದರು.

ಶೆಡ್ಡಿನ ಹಿಂದೆಯೇ ಅವರ ಮನೆ. ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಮನೆಯ ಮುಂದೆ ಹೊಂಗೆ ಮರದ ಕೆಳಗೆ ಇನ್ನೊಂದು ಅಂಬಾಸಿಡರ್ ನಿಂತಿತ್ತು. ಗುಜರಿಯಿಂದ ತಂದು, ಬಿಡುವಾದಾಗಲೆಲ್ಲ ಒಂದೊಂದೇ ಭಾಗ ಸೇರಿಸಿ ಗ್ಯಾರೇಜಣ್ಣ ಮಾಡುತ್ತಿದ್ದ ಕಾರು. ಅದು ಅಕ್ಕನದು. ಅಕ್ಕನ ಮದುವೆಯಾದ ಹೊಸತರಲ್ಲಿ ತವರಿನಲ್ಲಿ ಯಾರೋ, ಊರವರ ಕಾರಿನ ಅಡಿಯಲ್ಲಿ ಮಲಗುವವನಿಗೆ ಹೆಣ್ಣು ಕೊಟ್ಟೆವು ಎಂದು ಆಡಿಕೊಂಡಿದ್ದರಂತೆ. ಬಂದರೆ ನಮ್ಮ ಕಾರಿನಲ್ಲೇ ಬರುತ್ತೇನೆ ಎಂದು ಹೇಳಿ ಬಂದ ಅಕ್ಕ, ಆಮೇಲೆ ಹಬ್ಬಕ್ಕೂ ಹೋಗಲಿಲ್ಲ, ತಮ್ಮನ ಮದುವೆಗೂ ಹೋಗಲಿಲ್ಲ. ಕಾರಿನ ಮುಂಭಾಗ ಆಗಲೇ ಪೂರ್ತಿ ಆಗಿತ್ತು. ಇಂಜಿನ್ನು ಕೂರಿಸುವುದು, ಸೀಟು ಹಾಕುವುದು ಬಾಕಿ ಇತ್ತು. ಮುಂದಿನ ಯುಗಾದಿಗೆ ಹೋಗೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ದಸರಾ ರಜೆ ಬಂತು. ಸರ್ವೇಯರ್ ರಜೆ ಮುಗಿಸಿ ಬರುತ್ತೇನೆ ಅಂದರು. ಆಯುಧಪೂಜೆಯ ದಿನ ಬೆಳಿಗ್ಗೆ ಪೂಜೆಗೆ ಬಾ ಎಂದು ಗ್ಯಾರೇಜಣ್ಣ ಹೇಳಿಕಳಿಸಿದರು. ಹೋಗಿ ನೋಡುತ್ತೇನೆ, ನಮ್ಮ ಕಾರು ಗೋಡೆ ಬಿಟ್ಟು ರಸ್ತೆ ಕಡೆಗೆ ತಿರುಗಿ ನಿಂತಿದೆ. ಸೇವಂತಿಗೆ ಹಾರ, ಬಾಳೆಕಂದು. ಜಜ್ಜಿದ್ದ ಮುಂಭಾಗವನ್ನು ಬಡಿದು ಒಂದು ಆಕಾರಕ್ಕೆ ತಂದು ಎರಡು ಹಳೇ ಹೆಡ್‌ಲೈಟು ಕೂರಿಸಿದ್ದರು. ಸೀಟಿನ ಮೇಲಿದ್ದ ರಕ್ತ ತೊಳೆದಿದ್ದರು. ಮುಟ್ಟಬಾರದು ಅಂದಿದ್ದರಲ್ಲ ಅಣ್ಣ ಎಂದು ನೆನಪಿಸಿದೆ. ಅವರು ಕುಂಕುಮದ ಬಟ್ಟಲು ನನ್ನ ಕೈಗೆ ಕೊಟ್ಟು, "ಕಣ್ಣಿಲ್ಲದ ಮುಖಕ್ಕೆ ಕುಂಕುಮ ಎಲ್ಲಿಡ್ತೀಯ ತಾಯಿ? ವರ್ಷಕ್ಕೊಂದು ದಿನ. ಅವತ್ತೂ ಇದನ್ನ ಕುರುಡಾಗಿ ನಿಲ್ಸಕ್ಕಾಗುತ್ತಾ?" ಅಂದರು. ಇಟ್ಟೆ. ಅವರು ಬೂದುಗುಂಬಳಕಾಯಿ ಒಡೆದರು. ಎಷ್ಟೋ ದಿನದ ಮೇಲೆ ಅವತ್ತು ನನ್ನ ಮನಸ್ಸಿಗೆ ಸಮಾಧಾನವಾಗಿತ್ತು.

ರಜೆ ಮುಗಿದ ಮೇಲೆ ಸರ್ವೇಯರ್ ಬಂದರು. ಕೆಟ್ಟವರೇನಲ್ಲ. ಕಾರಿನ ಸುತ್ತ ಬಂದು, ನಾನು ನೋಡುವ ಮೊದಲೇ ಮುಂಭಾಗದ ಕೆಲಸ ಆಗಿದೆ, ಏಟು ಎಷ್ಟಿತ್ತೆಂದು ನಾನು ಹೇಗೆ ಬರೆಯಲಿ, ಅದು ಕ್ಲೇಮಿನಲ್ಲಿ ಬರುವುದಿಲ್ಲ ಅಂದರು. ಗ್ಯಾರೇಜಣ್ಣನ ಮುಖ ಸಣ್ಣದಾಯಿತು. ತಪ್ಪು ನನ್ನದು, ಈ ಹೆಣ್ಣುಮಗಳದ್ದಲ್ಲ ಎಂದು ಕೈ ಮುಗಿದರು. ಆಮೇಲೆ ಸುತ್ತಿಗೆ ಎತ್ತಿಕೊಂಡು, "ಸಾರ್, ಹೆಂಗಿತ್ತೋ ಹಂಗೇ ಮತ್ತೆ ಜಜ್ಜಿ ಕೊಡ್ತೀನಿ. ಒಂದು ಗೀಟೂ ವ್ಯತ್ಯಾಸ ಬರಲ್ಲ. ಬರ್ಕೊಳಿ" ಅಂದರು. ಸರ್ವೇಯರಿಗೆ ನಗು ತಡೆಯಲಾಗಲಿಲ್ಲ. ನಾನೂ ಅಳುತ್ತಲೇ ನಕ್ಕೆ. ಗ್ಯಾರೇಜಣ್ಣ ಮಾತ್ರ ನಗಲಿಲ್ಲ, ಅವರು ನಿಜಕ್ಕೂ ಹಾಗೇ ಕೇಳಿದ್ದರು. ಬಾಗಿಲಿನ ದುಡ್ಡು ಕೊಡಿಸಿದರು, ಮುಂಭಾಗದ್ದು ಹೋಯಿತು.

ಬಡಿದು ಮಾಡಿದ ಆ ಮುಖ ಪೂಜೆಗೆ ಸರಿ, ರಸ್ತೆಗೆ ಆಗುತ್ತಿರಲಿಲ್ಲ. ಹೊಸದನ್ನು ತರುವ ಶಕ್ತಿ ನಮಗಿರಲಿಲ್ಲ. ಕಾರನ್ನು ಗುಜರಿಗೆ ಹಾಕುವುದು ಎಂದು ಆಸ್ಪತ್ರೆಯಲ್ಲಿ ಇವರು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಮಾರನೇ ದಿನ ಆ ಮಾತು ಹೇಳಲು ನಾನು ಶೆಡ್ಡಿಗೆ ಹೋದರೆ, ಗ್ಯಾರೇಜಣ್ಣ ಹೊಂಗೆ ಮರದ ಕೆಳಗೆ ಅಕ್ಕನ ಕಾರಿನ ಮುಂದೆ ಸ್ಪ್ಯಾನರು ಹಿಡಿದು ನಿಂತಿದ್ದರು. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಾ ಜಗುಲಿಯ ಮೇಲೆ ಕೂತಿದ್ದರು. ತಲೆ ಎತ್ತದೆಯೇ ಗಂಡನಿಗೆ ಹೇಳಿದರು:

"ಬಿಚ್ಚಿ. ಅವರ ಮನೇಲಿ ಒಲೆ ಉರೀಬೇಕಲ್ಲ. ನನ್ನ ತವರೂರು ಎಲ್ಲೂ ಓಡಿಹೋಗಲ್ಲ."

ಬಾನೆಟ್ಟು, ಎರಡು ಮಡ್‌ಗಾರ್ಡು, ಗ್ರಿಲ್ಲು, ದೀಪ, ಎಲ್ಲವನ್ನೂ ಬಿಚ್ಚಿ ನಮ್ಮ ಕಾರಿಗೆ ಹಾಕಿದರು. ಬೇಡ ಅಂದೆ, ಕೈ ಹಿಡಿದೆ, ಗದರಿಸಿದರು. ಇವರ ಕಾಲು ಕೂಡಿಕೊಂಡ ಮೇಲೆ ಆ ಕಾರು ಮತ್ತೆ ಓಡಿತು. ಮಕ್ಕಳು ಓದಿದ್ದು ಅದರಲ್ಲಿ, ಮದುವೆಗಳಾದದ್ದು ಅದರಲ್ಲಿ. ಇವತ್ತು ಮೊಮ್ಮಗಳು ಕಾರಿನ ಬೀಗದ ಕೈ ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾಳಲ್ಲ, ಅದೂ ಅದರಿಂದಲೇ.

ಅಕ್ಕನ ಕಾರು ಮಾತ್ರ ಮುಖವಿಲ್ಲದೆ ಮರದ ಕೆಳಗೇ ನಿಂತಿತು. ಎಲ್ಲಾದರೂ ಹಳೇ ಬಾನೆಟ್ಟು ಸಿಗುತ್ತದಾ ಎಂದು ಗ್ಯಾರೇಜಣ್ಣ ಹುಡುಕುತ್ತಲೇ ಇದ್ದರು. ಇವರೂ ಬಾಡಿಗೆಗೆ ಹೋದ ಊರಲ್ಲೆಲ್ಲ ಕೇಳಿಕೊಂಡು ಬರುತ್ತಿದ್ದರು. ಒಂದು ಮಡ್‌ಗಾರ್ಡು ಸಿಕ್ಕಿತು, ಅಷ್ಟೆ. ಅಷ್ಟರಲ್ಲಿ ಗ್ಯಾರೇಜಣ್ಣನಿಗೆ ಕೆಮ್ಮು ಹಿಡಿಯಿತು. ಬಣ್ಣದ ದೂಳು ಎದೆಯೊಳಗೆ ಕೂತಿದೆ ಅಂದರು ಡಾಕ್ಟರು. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ತವರಿನವರು ಅಕ್ಕನನ್ನು ಸ್ವಲ್ಪ ದಿನಕ್ಕೆ ಕರೆದುಕೊಂಡು ಹೋಗುತ್ತೇವೆ ಅಂದರು. ನೀವು ಬಸ್ಸಿನಲ್ಲಿ ಹೊರಡಿ, ನಾನು ಹಿಂದೆಯೇ ಬರುತ್ತೇನೆ ಎಂದರು ಅಕ್ಕ. ಇವರು ಕಾರು ತಂದರು. ನಾನು ಅಕ್ಕನ ಪಕ್ಕ ಕೂತೆ. ಕನಕಪುರ ದಾಟಿ ಒಳಗೆ ಅವರ ಹಳ್ಳಿ. ದಾರಿಯುದ್ದಕ್ಕೂ ಅಕ್ಕ ಮುಂದಿನ ಗಾಜಿನಾಚೆ ಬಾನೆಟ್ಟನ್ನೇ ನೋಡುತ್ತಿದ್ದರು.

ಮನೆ ಮುಂದೆ ಕಾರು ನಿಂತಾಗ ತಮ್ಮಂದಿರು, ಅವರ ಹೆಂಡತಿಯರು, ಅಕ್ಕಪಕ್ಕದವರು ಹೊರಗೆ ಬಂದರು. ವಯಸ್ಸಾದ ಹೆಂಗಸೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು, ಯಾರ ಕಾರೇ ಇದು ಎಂದು ಕೇಳಿದರು. ಅಕ್ಕ ಇಳಿದು, ಬಿಸಿಯಾಗಿದ್ದ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತರು.

"ನಮ್ಮದೇ," ಅಂದರು.

ನಮ್ಮ ಯಜಮಾನರು ಕುಂಟುತ್ತಾ ಹಿಂದೆ ಹೋಗಿ ಪೆಟ್ಟಿಗೆ ಇಳಿಸಿದರು. ಅವರನ್ನು ಯಾವತ್ತೂ ಅಕ್ಕ ಎಂದೇ ಕರೆಯುತ್ತಿದ್ದವರು, ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು, ಡ್ರೈವರ್ ನಿಲ್ಲುವ ಹಾಗೆ ಪಕ್ಕಕ್ಕೆ ಸರಿದು ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದರು:

"ಗಾಡಿ ಯಾವತ್ತು ತರ್ಲಿ ಅಮ್ಮಾವ್ರೇ?"